ಫ್ರಿಜ್‌ನಲ್ಲಿಟ್ಟ ಮಲ್ಲಿಗೆ ಮೊಗ್ಗು ಘಮ್ಮೆನ್ನದಿರುವುದೇಕೆ

ಶ್ರೀರಂಗಪಟ್ಟಣದ ಅಕ್ಕನವರೇ, ನಮಸ್ಕಾರ. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್‌ನಲ್ಲಿಟ್ಟು ಸಂಜೆ ಮೈಸೂರಿಗೆ ತಂದರೆ, ಕೊಂಡವರು ಘಮವೇ ಇಲ್ಲವೆನ್ನುತ್ತಾರೆ, ಗಿಡಕ್ಕೆ ಯೂರಿಯ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ನೀವು ಬರೆದಿರುವಂತೆ ಗಿಡ ಹುಲುಸಾಗಿದೆ, ಮೊಗ್ಗೂ ದಪ್ಪವಾಗಿದೆ. ಹಾಗಾಗಿ ತೊಂದರೆ ಇರುವುದು ಬಿಡಿಸಿದ ನಂತರದ ಹನ್ನೆರಡು ಗಂಟೆಗಳಲ್ಲಿ ಎಂದು ನನಗೆ ತೋರುತ್ತದೆ.

ಮೊಗ್ಗೆಂದರೆ ಅತ್ತರು ತುಂಬಿ ಮುಚ್ಚಿಟ್ಟ ಶೀಷೆಯೆಂದು ನಾವು ಭಾವಿಸುತ್ತೇವೆ. ಆದರೆ ಮಲ್ಲಿಗೆಯ ಪರಿಮಳದ ಬಹುಪಾಲು ಅದು ಬಿರಿಯುವ ಹೊತ್ತಿನಲ್ಲಿ, ಎಸಳಿನ ಜೀವಕೋಶಗಳೊಳಗೆ, ಕಿಣ್ವಗಳೆಂಬ (ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಪ್ರೋಟೀನುಗಳು) ಕೆಲಸಗಾರರಿಂದ ತಯಾರಾಗಿ ಆಗಿಂದಾಗ್ಗೆ ಗಾಳಿಗೆ ಸೇರುತ್ತದೆ. ಇದರಲ್ಲಿ ಮುಖ್ಯವಾದ ಎರಡು ವಸ್ತುಗಳು ಲಿನಲೂಲ್ ಮತ್ತು ಬೆಂಜೈಲ್ ಅಸಿಟೇಟ್. ಹತ್ತು ಇಂಗಾಲದ ಪರಮಾಣುಗಳಿರುವ ಜೆರನೈಲ್ ಡೈಫಾಸ್ಫೇಟ್ ಎಂಬ ಕಚ್ಚಾವಸ್ತುವನ್ನು ಲಿನಲೂಲ್ ಸಿಂಥೇಸ್ ಎಂಬ ಕಿಣ್ವವು ಒಂದೇ ಹೆಜ್ಜೆಯಲ್ಲಿ ಲಿನಲೂಲ್ ಆಗಿ ಮಾರ್ಪಡಿಸುತ್ತದೆ. ಬೆಂಜೈಲ್ ಅಸಿಟೇಟ್‌ನ ದಾರಿ ಹೆಚ್ಚು ಉದ್ದವಾದದ್ದು: ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವವು ಅಮೋನಿಯವನ್ನು ಕಳಚುತ್ತದೆ, ನಂತರದ ಕಿಣ್ವಗಳು ಉಳಿದ ಭಾಗವನ್ನು ಕತ್ತರಿಸಿ ಬೆಂಜೈಲ್ ಆಲ್ಕೊಹಾಲ್ ಆಗಿಸುತ್ತವೆ, ಕೊನೆಯದೊಂದು ಕಿಣ್ವವು ಅದಕ್ಕೆ ಅಸಿಟೈಲ್ ತುಣುಕನ್ನು ಜೋಡಿಸಿದಾಗ ಮಲ್ಲಿಗೆಯ ಆ ಸಿಹಿಗಂಪು ಮೂಡುತ್ತದೆ. ಇಂಡೋಲ್ ಎಂಬ ಇನ್ನೊಂದು ವಸ್ತುವೂ ಇದೆ. ಹೆಚ್ಚಾದರೆ ಮೂಗು ಮುಚ್ಚಿಸುವ ಅದು, ತುಸುವೇ ಇದ್ದಾಗ ಪರಿಮಳಕ್ಕೆ ಗಾಢತೆ ಕೊಡುತ್ತದೆ.

ಯೂರಿಯದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಯೂರಿಯ ಗಿಡಕ್ಕೆ ಕೊಡುವುದು ಸಾರಜನಕವನ್ನು, ಆದರೆ ಲಿನಲೂಲ್‌ನಲ್ಲಾಗಲಿ ಬೆಂಜೈಲ್ ಅಸಿಟೇಟ್‌ನಲ್ಲಾಗಲಿ ಸಾರಜನಕವೇ ಇಲ್ಲ. ಇವೆರಡರ ಇಂಗಾಲವೂ ಎಲೆಯು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಿಂದ ಬರುತ್ತದೆ. ಕಿಣ್ವಗಳನ್ನು ಕಟ್ಟಲು ಗಿಡಕ್ಕೆ ಸಾರಜನಕ ಬೇಕು, ಆದರೆ ಈಗಾಗಲೇ ಹುಲುಸಾಗಿರುವ ಗಿಡಕ್ಕೆ ಇನ್ನಷ್ಟು ಸುರಿದರೆ ಎಲೆ ಹೆಚ್ಚುತ್ತದೆ, ಘಮ ಹೆಚ್ಚುವುದಿಲ್ಲ. ಆ ಹಣ ಉಳಿಸಿ, ನೆರಳು ಬೀಳಿಸುವ ಪಕ್ಕದ ಮರದ ಕೊಂಬೆಯಿದ್ದರೆ ಸವರಿಸಿ.

ಬಿಡಿಸಿದ ಮೇಲೂ ಮೊಗ್ಗು ಜೀವಂತವಾಗಿಯೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧ ತಯಾರಕರು ಮಲ್ಲಿಗೆಯನ್ನೂ ಸುಗಂಧರಾಜವನ್ನೂ ಕೊಬ್ಬು ಸವರಿದ ಗಾಜಿನ ಮೇಲೆ ಹರಡುತ್ತಿದ್ದುದು ಇದೇ ಕಾರಣಕ್ಕೆ: ಕಿತ್ತ ಹೂವು ಗಂಟೆಗಟ್ಟಲೆ ಹೊಸ ಪರಿಮಳವನ್ನು ಬಿಡುತ್ತಲೇ ಇರುತ್ತದೆ, ಕೊಬ್ಬು ಅದನ್ನು ಹೀರಿಕೊಳ್ಳುತ್ತದೆ. ಚೀನಾದ ಫೂಜೋದಲ್ಲಿ ಹಗಲು ಬಿಡಿಸಿದ ಮಲ್ಲಿಗೆ ಮೊಗ್ಗನ್ನು ರಾತ್ರಿ ಅರಳುವಾಗ ಚಹಾ ಎಲೆಯೊಂದಿಗೆ ಬೆರೆಸುತ್ತಾರೆ. ಮೊಗ್ಗಿನಲ್ಲಿ ಒಂದಿಷ್ಟು ಪರಿಮಳವು ಸಕ್ಕರೆಯ ಅಣುವಿಗೆ ಅಂಟಿಕೊಂಡು, ಹಾರಿಹೋಗಲಾರದ ರೂಪದಲ್ಲಿಯೂ ಇರುತ್ತದೆ. ಅದನ್ನು ಬಿಡಿಸಲೂ ಗ್ಲೂಕೋಸಿಡೇಸ್‌ನಂತಹ ಕಿಣ್ವವೇ ಬೇಕು.

ಫ್ರಿಜ್‌ನ ಚಳಿಯಲ್ಲಿ ಈ ಎಲ್ಲ ಕಿಣ್ವಗಳೂ ನಿಧಾನವಾಗುತ್ತವೆ, ತಯಾರಾದ ಅಲ್ಪಸ್ವಲ್ಪ ಪರಿಮಳವೂ ಆವಿಯಾಗಿ ಹೊರಡುವುದಿಲ್ಲ. ಮೇಲಾಗಿ ಬಿಗಿಯಾಗಿ ಕಟ್ಟಿದ ಕವರಿನಲ್ಲಿ ಮೊಗ್ಗಿಗೆ ಉಸಿರಾಡಲು ಗಾಳಿ ಸಾಲದು. ನಂಜನಗೂಡಿನ ಬಳಿಯ ನಮ್ಮ ತೋಟದಲ್ಲಿ ಒಂದೇ ಗಿಡದ ಮೊಗ್ಗನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಒದ್ದೆ ಬಟ್ಟೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಇಟ್ಟು ನೋಡಿದ್ದೇನೆ. ಸಂಜೆ ಬುಟ್ಟಿಯ ಘಮ ಪಡಸಾಲೆಯನ್ನೆಲ್ಲ ತುಂಬಿತು. ಫ್ರಿಜ್‌ನ ಮೊಗ್ಗುಗಳಲ್ಲಿ ಹಲವು ಅರೆಬಿರಿದು ಹಾಗೆಯೇ ನಿಂತವು.

ಆದ್ದರಿಂದ ಅದೇ ದಿನ ಮಾರುವ ಹೂವಿಗೆ ಫ್ರಿಜ್ ಬೇಡ. ನೆರಳಿನಲ್ಲಿ, ಬಾಳೆ ಎಲೆ ಹಾಸಿದ ಬುಟ್ಟಿಯಲ್ಲಿ ಸಡಿಲವಾಗಿ ಹರಡಿ, ನೀರು ನಿಲ್ಲದಷ್ಟು ಚಿಮುಕಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ. ಮರುದಿನಕ್ಕೆ ಉಳಿಸಲೇಬೇಕಾದರೆ ಕವರಿಗೆ ತೂತು ಮಾಡಿ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿಡಿ, ಮಾರುವ ಮೂರ್ನಾಲ್ಕು ಗಂಟೆ ಮೊದಲೇ ಹೊರತೆಗೆಯಿರಿ. ಬಿಡಿಸುವಾಗ ಪೂರ್ತಿ ಬೆಳ್ಳಗಾಗಿ ಉಬ್ಬಿದ, ಅಂದೇ ಸಂಜೆ ಬಿರಿಯುವ ಮೊಗ್ಗನ್ನು ಮಾತ್ರ ಆರಿಸಿ. ಹಸಿರು ಮಾಸದ ಎಳೆ ಮೊಗ್ಗಿನಲ್ಲಿ ಪರಿಮಳದ ಕಿಣ್ವಗಳು ಇನ್ನೂ ಸಜ್ಜಾಗಿರುವುದಿಲ್ಲ, ಅದನ್ನು ಎಷ್ಟು ಜೋಪಾನ ಮಾಡಿದರೂ ದಂಡೆಯಲ್ಲಿ ಸಪ್ಪೆಯಾಗಿಯೇ ಉಳಿಯುತ್ತದೆ.