ಆರಿದ ದೀಪದ ಕನಸು ಮತ್ತು ಇತರ ಪ್ರಶ್ನೆಗಳು

ಮನಸ್ಸಿನ ಆಳವನ್ನು ಕುರಿತ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವರು ಬರೆದವು, ಇಲ್ಲವೇ ಕೊಡಗನ್ನು ಬಿಟ್ಟು ಹೋದವರು ಬರೆದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಐನ್‌ಮನೆ, ಅಂದರೆ ಕುಲದ ಮೂಲಮನೆ, ನಾಪೋಕ್ಲು ಸಮೀಪದಲ್ಲಿದೆ. ನಾನು ಬೆಂಗಳೂರು ಸೇರಿ ಇಪ್ಪತ್ತು ವರ್ಷವಾಯಿತು. ಕಳೆದ ಮಳೆಗಾಲದಿಂದ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ಓಣಿಯಲ್ಲಿ ನಡೆದು ಮನೆಗೆ ಬರುತ್ತೇನೆ. ಜಗಲಿಯ ಮರದ ಹಲಗೆಯಾದ ಐಮರದ ಮೇಲೆ ಯಾರೋ ಬೆನ್ನು ತಿರುಗಿಸಿ ಕುಳಿತಿರುತ್ತಾರೆ. ಒಳಗೆ ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ತೂಗುದೀಪ ಆರಿರುತ್ತದೆ. ಎಚ್ಚರವಾದ ಮೇಲೆ ಏನೋ ತಪ್ಪು ಮಾಡಿದ ಭಾವ ದಿನವಿಡೀ ಕಾಡುತ್ತದೆ. ಗೆಳತಿಯೊಬ್ಬಳು ಇದು ಊರಿನ ನೆನಪು ಅಷ್ಟೇ ಎಂದಳು. ಅಮ್ಮ ಮಾತ್ರ ಕುಲದ ಮೂಲಪುರುಷನಾದ ಗುರುಕಾರಣ ಕರೆಯುತ್ತಿದ್ದಾನೆ ಎನ್ನುತ್ತಾರೆ. ಮನಶ್ಶಾಸ್ತ್ರ ಏನೆನ್ನುತ್ತದೆ?
— ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಉತ್ತರ: 1909ರಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಮತ್ತು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ ಉಪನ್ಯಾಸಕ್ಕೆಂದು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿಬಂದರು. ಪ್ರಯಾಣದುದ್ದಕ್ಕೂ ಒಬ್ಬರ ಕನಸನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಆಗ ಯೂಂಗ್ ಅವರಿಗೆ ಬಿದ್ದ ಒಂದು ಕನಸಿಗೂ ನಿಮ್ಮ ಕನಸಿಗೂ ನೆಂಟಸ್ತಿಕೆಯಿದೆ. ಎರಡು ಅಂತಸ್ತಿನ ಒಂದು ಮನೆ. ಅದು ತನ್ನದೇ ಎಂದು ಗೊತ್ತು, ಆದರೆ ಗುರುತು ಸಿಗುತ್ತಿಲ್ಲ. ಮಹಡಿಯ ಮೇಲೆ ಅಂದವಾದ ಹಳೆಯ ಪೀಠೋಪಕರಣಗಳು, ಕೆಳಗಿನ ಅಂತಸ್ತು ಹದಿನೈದು ಹದಿನಾರನೆಯ ಶತಮಾನದಷ್ಟು ಹಳತು, ಅದರಡಿಯಲ್ಲಿ ರೋಮನ್ನರ ಕಾಲದ ನೆಲಮಾಳಿಗೆ, ಅಲ್ಲಿಂದಲೂ ಕೆಳಗಿಳಿದರೆ ಬಂಡೆಯ ಗವಿ. ಗವಿಯ ದೂಳಿನಲ್ಲಿ ಎಲುಬುಗಳು, ಒಡೆದ ಮಡಕೆಯ ಚೂರುಗಳು, ಎರಡು ತಲೆಬುರುಡೆಗಳು. ಆ ಬುರುಡೆಗಳು ಯಾರವು ಎಂದೇ ಫ್ರಾಯ್ಡ್ ಬಿಡದೆ ಕೇಳಿದರು. ಯಾರದೋ ಸಾವನ್ನು ಬಯಸುವ ಆಸೆ ಅಲ್ಲಿ ಅಡಗಿದೆ ಎಂಬುದು ಅವರ ಎಣಿಕೆ. ಹಿರಿಯರನ್ನು ಎದುರು ಹಾಕಿಕೊಳ್ಳಲಾರದೆ ಯೂಂಗ್ ತಮ್ಮ ಹೆಂಡತಿಯ ಮತ್ತು ನಾದಿನಿಯ ಹೆಸರು ಹೇಳಿ ಪಾರಾದರು. ಅವರ ಮನಸ್ಸು ಒಪ್ಪಿದ ಅರ್ಥವೇ ಬೇರೆಯಿತ್ತು. ಆ ಮನೆಯೇ ಮನಸ್ಸು; ಮಹಡಿ ನಾವು ಎಚ್ಚರದಲ್ಲಿ ಬಾಳುವ ಭಾಗ; ಒಂದೊಂದೇ ಮೆಟ್ಟಿಲು ಇಳಿದಂತೆ ನಮ್ಮ ಸ್ವಂತ ನೆನಪು ಮುಗಿಯುತ್ತಾ ಬಂದು ಮನುಕುಲಕ್ಕೆಲ್ಲ ಸೇರಿದ ನೆನಪು ತೊಡಗುತ್ತದೆ. ಮುಂದೆ ಸಮಷ್ಟಿ ಸುಪ್ತಪ್ರಜ್ಞೆ ಎಂದು ಹೆಸರಾದ ವಿಚಾರದ ಮೊದಲ ಹೊಳಹು ಆ ಕನಸಿನಲ್ಲಿತ್ತು.

ಯೂಂಗ್ ಅವರ ಮನೆ ಕೆಳಕ್ಕೆ ಇಳಿಯುತ್ತದೆ, ನಿಮ್ಮ ಮನೆ ಒಳಕ್ಕೆ ಹೋಗುತ್ತದೆ. ಓಣಿ, ಅಂಗಳ, ಕೈಯಾಲೆ ಎಂಬ ಜಗಲಿ, ನಡುಬಾಡೆ, ಅದಕ್ಕೂ ಒಳಗೆ ಹಿರಿಯರಿಗೆ ಮೀಸಲಾದ ಕನ್ನಿಕೋಂಬರೆ: ಐನ್‌ಮನೆಯಲ್ಲಿ ಆಳವೆಂಬುದು ನೆಲದಡಿಯಲ್ಲಿಲ್ಲ, ದೀಪದ ಹಿಂದಿದೆ. ಇನ್ನೊಂದು ಮಾತು. ಐನ್‌ಮನೆ ಯಾರೊಬ್ಬರದೂ ಅಲ್ಲ, ಇಡೀ ಒಕ್ಕದ್ದು, ಅಂದರೆ ಇಡೀ ಕುಲದ್ದು; ಸತ್ತವರೂ ಮುಂದೆ ಹುಟ್ಟುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಆದ್ದರಿಂದ ಅಲ್ಲಿ ನಡೆಯುವ ಕನಸನ್ನು ನಿಮ್ಮೊಬ್ಬರ ಬಾಲ್ಯದ ನೆನಪೆಂದು ಕಟ್ಟಿ ಮುಗಿಸಿಬಿಡಲು ನನಗೆ ಮನಸ್ಸಾಗುವುದಿಲ್ಲ.

ಹಾಗೆಂದು ಅಮ್ಮನ ಮಾತಿಗೂ ಗೆಳತಿಯ ಮಾತಿಗೂ ನಡುವೆ ಇಂದೇ ತೀರ್ಪು ಕೊಡಬೇಕಿಲ್ಲ. ಯೂಂಗ್ ಪರಂಪರೆಯಲ್ಲಿ ಬೆಳೆದು ಅದನ್ನೇ ತಿದ್ದಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಹಿಲ್‌ಮನ್ ಕೊನೆಯವರೆಗೂ ಒತ್ತಿ ಹೇಳಿದ ಒಂದು ಶಿಸ್ತಿದೆ: ಕನಸಿನ ಬಿಂಬಕ್ಕೆ ಅಂಟಿಕೊಳ್ಳಿ, ಅದನ್ನು ಬೇಗನೆ ಅರ್ಥಕ್ಕೆ ಮಾರಿಕೊಳ್ಳಬೇಡಿ. ಬೆನ್ನು ತಿರುಗಿಸಿ ಕುಳಿತವರು ಗಂಡಸೋ ಹೆಂಗಸೋ? ಕೊಡವ ಗಂಡಸರ ನಿಲುವಂಗಿಯಾದ ಕುಪ್ಯ ತೊಟ್ಟಿದ್ದಾರೆಯೇ? ಅವರು ಅಂಗಳವನ್ನು ನೋಡುತ್ತಿದ್ದಾರೋ, ಗೋಡೆಯನ್ನೋ? ದೀಪದಲ್ಲಿ ಎಣ್ಣೆ ತೀರಿದೆಯೋ, ಬತ್ತಿ ಕರಕಾಗಿದೆಯೋ, ಅಥವಾ ಯಾರೂ ಹಚ್ಚಿಯೇ ಇಲ್ಲವೋ? ಇವು ಸಣ್ಣ ವಿವರಗಳಂತೆ ಕಾಣುತ್ತವೆ, ಆದರೆ ಎಣ್ಣೆ ತೀರಿದ ದೀಪದ ದುಃಖ ಒಂದು, ಹಚ್ಚದೆ ಬಿಟ್ಟ ದೀಪದ ದುಃಖ ಇನ್ನೊಂದು. ಕನಸು ಬಿದ್ದ ಬೆಳಗ್ಗೆಯೇ, ಈಗ ನಡೆಯುತ್ತಿದೆಯೆಂಬಂತೆ ಅದನ್ನು ಬರೆದಿಡಿ.

ಯೂಂಗ್ ತಮ್ಮ ತಾಯಿ ತೀರಿಕೊಂಡ ವರ್ಷ, 1923ರಲ್ಲಿ, ಜ್ಯೂರಿಕ್ ಸರೋವರದ ದಂಡೆಯ ಬೋಲಿಂಗೆನ್‌ನಲ್ಲಿ ಕಲ್ಲಿನ ಗೋಪುರವೊಂದನ್ನು ಕಟ್ಟಲು ತೊಡಗಿದರು. ಅಲ್ಲಿಗೆ ವಿದ್ಯುತ್ತನ್ನು ಬಿಟ್ಟುಕೊಳ್ಳಲಿಲ್ಲ. ತಾವೇ ಸೌದೆ ಒಡೆದು, ಸಂಜೆ ದೀಪ ಹಚ್ಚುತ್ತಿದ್ದರು. ಎಂಬತ್ತು ದಾಟಿದ ಮೇಲೆ, 1955–56ರ ಚಳಿಗಾಲದಲ್ಲಿ, ತಂದೆಯ ಕಡೆಯ ಪೂರ್ವಜರ ಹೆಸರುಗಳನ್ನು ಮೂರು ಕಲ್ಲುಹಲಗೆಗಳ ಮೇಲೆ ಕೆತ್ತಿ ಅಂಗಳದಲ್ಲಿ ನಿಲ್ಲಿಸಿದರು. ಹಿಂದಿನವರು ಉತ್ತರಿಸದೆ ಬಿಟ್ಟುಹೋದ ಪ್ರಶ್ನೆಗಳು ತನ್ನ ಮೇಲೆ ಬಿದ್ದಿವೆ ಎಂಬ ಭಾವ ಅವರನ್ನು ಬಹಳ ಗಾಢವಾಗಿ ಹಿಡಿದಿತ್ತು. ಸ್ವಿಟ್ಜರ್ಲೆಂಡಿನ ಆ ವೈದ್ಯರು ಮುಪ್ಪಿನಲ್ಲಿ ತಮ್ಮ ಕೈಯಾರೆ ಮಾಡಿಕೊಳ್ಳಬೇಕಾಗಿ ಬಂದದ್ದು ನಿಮ್ಮ ಒಕ್ಕದಲ್ಲಿ ತಲೆತಲಾಂತರದಿಂದ ಇದೆ. ಹಿರಿಯರ ಗುಡಿಯಾದ ಕೈಮಡ ಇದೆ, ವರ್ಷಕ್ಕೊಮ್ಮೆ ಅನ್ನ, ಮಾಂಸ, ಮದ್ಯವನ್ನು ಎಡೆಯಿಟ್ಟು ಕಾರಣರನ್ನು, ಅಂದರೆ ತೀರಿಹೋದ ಹಿರಿಯರನ್ನು, ನೆನೆಯುವ ಕಾರಣಂಗ್ ಕೊಡ್ಪ ಇದೆ. ಆಗುವುದಾದರೆ ಈ ವರ್ಷ ಹೋಗಿ ಬನ್ನಿ, ಒಂದು ಸಂಜೆ ಆ ದೀಪಕ್ಕೆ ನೀವೇ ಎಣ್ಣೆ ಎರೆಯಿರಿ. ಆಸ್ತಿಯ ವ್ಯಾಜ್ಯದಿಂದಲೋ ಮನಸ್ತಾಪದಿಂದಲೋ ಐನ್‌ಮನೆಯ ಹೊಸ್ತಿಲು ದಾಟಲಾಗದವರು ಎಷ್ಟೋ ಮಂದಿ ಇದ್ದಾರೆಂದು ಬಲ್ಲೆ. ಅಂಥವರಿಗೆ ಬೆಂಗಳೂರಿನ ಮನೆಯಲ್ಲಿ ಹಚ್ಚಿದ ದೀಪವೂ ದೀಪವೇ. ನಿದ್ದೆ ಕೆಡುತ್ತಿದ್ದರೆ ಅಥವಾ ತಪ್ಪಿತಸ್ಥ ಭಾವ ಊಟ, ಕೆಲಸಗಳನ್ನೇ ತಿನ್ನುತ್ತಿದ್ದರೆ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ.

ಪ್ರಶ್ನೆ: ಹಿಲ್‌ಮನ್ ಹೇಳುವ ಆತ್ಮವೂ ಉಪನಿಷತ್ತಿನ ಆತ್ಮವೂ ಒಂದೆಯೇ?
— ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಅಲ್ಲ. ಉಪನಿಷತ್ತಿನ ಆತ್ಮಕ್ಕೆ ನೋವಿಲ್ಲ, ಬದಲಾವಣೆಯಿಲ್ಲ. ಹಿಲ್‌ಮನ್ 1975ರಲ್ಲಿ ಬರೆದಾಗ ಹೇಳಿದ್ದು ನೋಯುವ, ಹಂಬಲಿಸುವ, ಬಿಂಬಗಳಲ್ಲಿ ಮಾತನಾಡುವ ಒಳಗನ್ನು; ಅದನ್ನು ಅವರು ಒಂದು ವಸ್ತುವೆಂದಲ್ಲ, ನೋಡುವ ಬಗೆಯೆಂದೇ ತಿಳಿದರು. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಜೀವ. ಜೀವ ತಡೆಯಲಿಲ್ಲ, ಜೀವ ಹಿಂಡಿದಂತಾಯಿತು ಎನ್ನುತ್ತೇವಲ್ಲ, ಆ ಜೀವ. ಉಪನಿಷತ್ತಿನ ಆತ್ಮಕ್ಕೆ ಸಮೀಪವಾದ ಮಾತು ಯೂಂಗ್ ಅವರಲ್ಲಿ ಸಿಗುತ್ತದೆ. ವ್ಯಕ್ತಿತ್ವದ ಇಡಿಯನ್ನು ಸೂಚಿಸಲು ಸೆಲ್ಫ್ ಎಂಬ ಪದವನ್ನು ಬಳಸುವಾಗ ಅವರು ಈ ಹೋಲಿಕೆಯನ್ನು ಬಲ್ಲವರೇ ಆಗಿದ್ದರು. ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಯೂಂಗ್ ಈ ವಿಷಯವನ್ನು ಚರ್ಚಿಸಿದ್ದೂ ಉಂಟು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಕಾವೇರಿಯ ಕಥೆಯನ್ನು ಮಕ್ಕಳಿಗೆ ಹೇಳುವಾಗ, ಯೂಂಗ್ ಹೇಳುವ ಅನಿಮಾ, ಅಂದರೆ ಗಂಡಿನ ಮನಸ್ಸಿನೊಳಗಿನ ಹೆಣ್ಣುಬಿಂಬ, ಇದೇ ಎನ್ನಬಹುದೇ?
— ಓದುಗರು, ಭಾಗಮಂಡಲ

ಉತ್ತರ: ಹಾಗೆ ಹೇಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೆಸರಿನ ಚೀಟಿ ಅಂಟಿಸಿದ ಕೂಡಲೇ ಕಥೆ ಮಾತು ನಿಲ್ಲಿಸುತ್ತದೆ. ಕಥೆ ಹೀಗಿದೆ: ಕವೇರ ಮುನಿಯ ಮನೆಯಲ್ಲಿ ಬೆಳೆದ ಲೋಪಾಮುದ್ರೆಯನ್ನು ಅಗಸ್ತ್ಯರು ಮದುವೆಯಾದರು. ತನ್ನನ್ನು ಒಂಟಿಯಾಗಿ ಬಿಟ್ಟುಹೋದರೆ ಹೊರಟುಬಿಡುತ್ತೇನೆ ಎಂದು ಅವಳು ಮೊದಲೇ ಕರಾರು ಮಾಡಿದ್ದಳು. ಅವಳನ್ನು ಕಮಂಡಲದಲ್ಲಿಟ್ಟು ಋಷಿ ಸ್ನಾನಕ್ಕೆ ಹೋದರು. ಅವಳು ಹರಿದು ಹೊರಟಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು. ಇದನ್ನು ಅನಿಮಾ ಎಂದರೆ ಕಥೆ ಅಗಸ್ತ್ಯರ ಮನಸ್ಸಿನ ಕಥೆಯಾಗಿಬಿಡುತ್ತದೆ. ಕೊಡಗಿನಲ್ಲಿ ಈ ಕಥೆ ಅವಳದು. ಕರಾರು ಅವಳದು, ನಡಿಗೆಯೂ ಅವಳದು.

ಎ.ಕೆ. ರಾಮಾನುಜನ್ ಅವರು ಕನ್ನಡ ನಾಡಿನಲ್ಲಿ ಸಂಗ್ರಹಿಸಿದ, ಮಗನನ್ನೇ ಅರಿಯದೆ ಮದುವೆಯಾಗುವ ಹೆಣ್ಣಿನ ಜನಪದ ಕಥೆಯನ್ನು ಇಲ್ಲಿ ನೆನೆಯಬೇಕು. ಗ್ರೀಕರ ಈಡಿಪಸ್ ಕಥೆ ಮಗನ ಕಡೆಯಿಂದ ನಡೆದರೆ, ನಮ್ಮದು ತಾಯಿಯ ಕಡೆಯಿಂದ ನಡೆಯುತ್ತದೆ. ಅದರಲ್ಲಿ ಅವಳು ತೊಟ್ಟಿಲಿನ ಕೂಸಿಗೆ ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಎಂದು ಜೋಗುಳ ಹಾಡಿ ಜೀವ ಬಿಡುತ್ತಾಳೆ. ಹಂದರ ಒಂದೇ, ಹೇಳುವ ಬಾಯಿ ಬದಲಾದರೆ ನೋವು ಯಾರದೆಂಬುದೂ ಬದಲಾಗುತ್ತದೆ.

ಮಕ್ಕಳಿಗೆ ಕಣಿಯನ್ನು ತೋರಿಸಿ. ತುಲಾ ಸಂಕ್ರಮಣದ ಹೊತ್ತಿಗೆ ಮನೆಯ ಹೆಂಗಸರು ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಪತ್ತಾಕ್ ಎಂಬ ಕೊರಳ ಒಡವೆ ತೊಡಿಸಿ, ಅಕ್ಕಿಯ ಮೇಲೆ ಕೂರಿಸುತ್ತಾರೆ. ಒಂದು ಗಳಿಗೆಯ ಹಿಂದೆ ತರಕಾರಿ ಬುಟ್ಟಿಯಲ್ಲಿದ್ದದ್ದು ಈಗ ತಾಯಿ. ಮನೆಯವರೆಲ್ಲ ಅಕ್ಕಿಕಾಳು ಹಾಕಿ ನಮಸ್ಕರಿಸುತ್ತಾರೆ. ಅದು ಸೌತೆಕಾಯಿಯೆಂಬುದು ಅಲ್ಲಿ ಯಾರಿಗೂ ಮರೆತಿರುವುದಿಲ್ಲ, ಅದು ಕಾವೇರಿಯೆಂಬುದರಲ್ಲಿ ಯಾರಿಗೂ ಸಂದೇಹವಿರುವುದಿಲ್ಲ. ಬಿಂಬ ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪಾಠದಲ್ಲೂ ಕಂಡಿಲ್ಲ. ಕೊಡಗಿನ ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂಬುದನ್ನೂ ಹೇಳಿ. ಕೊಡವತಿಯೊಬ್ಬಳು ನೆರಿಗೆಯನ್ನು ಬೆನ್ನ ಕಡೆಗೆ ಸಿಕ್ಕಿಸುವಾಗಲೆಲ್ಲ ಆ ಹೊಳೆ ಒಮ್ಮೆ ಮೈಯ ಮೇಲೆ ಹಾದುಹೋಗುತ್ತದೆ.

ಪ್ರಶ್ನೆ: ದೇವರಪುರದ ಕುಂಡೆ ಹಬ್ಬದ ದಿನಗಳಲ್ಲಿ ನಮ್ಮ ತೋಟದ ಗೇಟಿಗೇ ಬಂದು ಬಾಯಿಗೆ ಬಂದಂತೆ ಬೈದು ದುಡ್ಡು ಕೇಳುತ್ತಾರೆ. ದೇವರನ್ನೂ ಬಿಡುವುದಿಲ್ಲ. ಇದು ಮನಸ್ಸಿನ ಕೊಳೆಯನ್ನು ಹೊರಹಾಕುವ ಉಪಾಯವೇ?
— ಕಾಫಿ ಬೆಳೆಗಾರರು, ಗೋಣಿಕೊಪ್ಪ ಸಮೀಪ

ಉತ್ತರ: ಹಬ್ಬವನ್ನು ನೋಡದ ಓದುಗರಿಗಾಗಿ ಎರಡು ಮಾತು. ಅಯ್ಯಪ್ಪ ದೇವರು ಕಾಡಿನ ಜನರನ್ನು ಬೇಟೆಗೆ ಕರೆದೊಯ್ದು, ಭದ್ರಕಾಳಿಯನ್ನು ಕಂಡು ಮೋಹಗೊಂಡು, ಅವರನ್ನು ನಡುಕಾಡಿನಲ್ಲೇ ಬಿಟ್ಟು ಅವಳ ಜೊತೆ ಹೊರಟುಹೋದನಂತೆ. ಆ ಸಿಟ್ಟಿಗೆ ಮೇ ತಿಂಗಳಲ್ಲಿ ಜೇನುಕುರುಬರು, ಯರವರು ಮೊದಲಾದವರು ವೇಷ ಕಟ್ಟಿ, ಗಂಡಸರು ಹೆಣ್ಣುಡುಗೆ ಉಟ್ಟು, ಡೋಲು ಡಬ್ಬ ಬಡಿಯುತ್ತಾ, ಬೈಗುಳದ ಹಾಡು ಹಾಡಿ ಹಣ ಎತ್ತುತ್ತಾರೆ. ಕೊನೆಗೆ ದೇವಸ್ಥಾನಕ್ಕೆ ಬಂದು ತಪ್ಪಾಯಿತೆಂದು ಬೇಡಿಕೊಳ್ಳುತ್ತಾರೆ.

ಯೂಂಗ್ 1954ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಯೂರೋಪಿನ ಮಧ್ಯಯುಗದ ಇಂಥದೇ ಒಂದು ಆಚರಣೆಯನ್ನು ಎತ್ತಿಕೊಂಡಿದ್ದಾರೆ. ಮೂರ್ಖರ ಹಬ್ಬವೆಂದು ಹೆಸರಾದ ಆ ದಿನ ಚರ್ಚಿನೊಳಗೇ ಪಾದ್ರಿಗಳು ವೇಷ ಹಾಕಿ, ಅಶ್ಲೀಲ ಹಾಡು ಹಾಡಿ, ಪೂಜೆಯನ್ನೇ ಅಣಕಿಸುತ್ತಿದ್ದರು. ಸಭ್ಯರಾದ ನಾವು ನಮ್ಮದಲ್ಲವೆಂದು ತಳ್ಳಿದ ಗುಣಗಳೆಲ್ಲ ಒಂದು ನೆರಳಾಗಿ ನಮ್ಮ ಹಿಂದೆ ಬರುತ್ತವೆ, ಸಮುದಾಯಕ್ಕೂ ಅಂಥ ನೆರಳಿದೆ ಎಂಬುದು ಅವರ ವಿಚಾರ. ಆ ಕಣ್ಣಿನಿಂದ ನೋಡಿದರೆ ನಿಮ್ಮ ಊಹೆ ಅರ್ಧ ಸರಿ.

ಉಳಿದ ಅರ್ಧಕ್ಕೆ ನೆರಳು ಯಾರದು ಎಂದು ಕೇಳಬೇಕು. ಕೊಳೆ ಬೈಯುವವರದೆಂದು ನೀವು ಎಣಿಸಿದ್ದೀರಿ. ಆದರೆ ಕಥೆಯನ್ನು ಮತ್ತೊಮ್ಮೆ ಕೇಳಿ: ಜೊತೆಗೆ ಕರೆದೊಯ್ದವನು ಕಾಡಿನಲ್ಲಿ ಕೈಬಿಟ್ಟ. ನಾಗರಹೊಳೆಯ ಹಾಡಿಗಳಿಂದ ಹೊರಬರಬೇಕಾಗಿ ಬಂದು ತೋಟದ ಲೈನ್‌ಮನೆಗಳಲ್ಲಿ ನೆಲೆಸಿದ ಕುಟುಂಬಗಳ ಬಾಯಲ್ಲಿ ಅದು ಬರೀ ಪುರಾಣವಾಗಿ ಉಳಿಯುವುದಿಲ್ಲ. ಯೂಂಗ್ ಇಂಥ ಸಮುದಾಯಗಳನ್ನು ಆದಿಮ ಮನಸ್ಸಿನವರು ಎಂದು ಬರೆದುಬಿಡುತ್ತಿದ್ದರು. ಅವರಿಂದ ಬಹಳ ಕಲಿತ ನಾನು ಈ ಮಾತನ್ನು ಮಾತ್ರ ಒಪ್ಪಲಾರೆ. ವರ್ಷವೆಲ್ಲ ತಲೆತಗ್ಗಿಸಿ ಕಾಫಿ ಕೊಯ್ಯುವವರು ಆ ದಿನ ತಲೆಯೆತ್ತಿ ದೇವರ ಮೇಲೆಯೇ ದೂರು ಕೊಡುತ್ತಾರೆ, ಆ ದೇವರೂ ಕೇಳಿಸಿಕೊಳ್ಳುತ್ತಾನೆ, ಅದಕ್ಕಾಗಿ ಯಾರನ್ನೂ ಹೊರಗಟ್ಟುವುದಿಲ್ಲ. ದೂರನ್ನು ತಾಳಿಕೊಳ್ಳಬಲ್ಲ ದೇವರನ್ನು ಕಟ್ಟಿಕೊಂಡ ಮನಸ್ಸು ಬಹಳ ಪ್ರೌಢವಾದದ್ದು.

ಮುಂದಿನ ಮೇ ತಿಂಗಳಲ್ಲಿ ಅವರು ಗೇಟಿಗೆ ಬಂದಾಗ ಮ್ಯಾನೇಜರ ಕೈಯಲ್ಲಿ ನೋಟು ಕೊಟ್ಟು ಕಳುಹಿಸದೆ ನೀವೇ ಹೊರಗೆ ಬಂದು ನಿಲ್ಲಿ, ಹಾಡು ಮುಗಿಯುವವರೆಗೂ ಕೇಳಿ. ಯಾವ ಬೈಗುಳ ಎದೆಗೆ ತಾಗಿತೆಂಬುದನ್ನು ಆ ರಾತ್ರಿ ಬರೆದಿಟ್ಟುಕೊಂಡು, ಮನಸ್ಸಾದರೆ ನನಗೂ ಬರೆಯಿರಿ.