ಮಳೆಗಾಲಕ್ಕೆ ಸೋಲಾರ್ ಸಾಕಾ? ಮೊದಲು ಮನೆ ಹಿಂದಿನ ಹಳ್ಳ ಅಳೆಯಿರಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಮೂರು ಎಕರೆ ಕಾಫಿ ತೋಟ, ಹೆಂಚಿನ ಮನೆ. ಜೂನ್ ಬಂತು ಅಂದರೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ, ಬ್ಯಾಟರಿ ಇಡಿ ಅಂತ ಅಂಗಡಿಯವರು ಹೇಳುತ್ತಾರೆ. ಮನೆ ಹಿಂದೆ ಹಳ್ಳ ಇದೆ. ಮೂರು ದನ ಇವೆ, ಗೋಬರ್ ಗ್ಯಾಸ್ ಮಾಡುವ ಆಸೆಯೂ ಇದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ದುಡ್ಡು ಕೊಡುವ ಮುಂಚೆ ಒಂದು ಸಲ ಯೋಚನೆ ಮಾಡಿ. ನಿಮಗೆ ಕರೆಂಟ್ ಇಲ್ಲದ ತಿಂಗಳಲ್ಲೇ ಬಿಸಿಲೂ ಇರುವುದಿಲ್ಲ, ಅಲ್ವಾ? ಒಳ್ಳೆ ಬಿಸಿಲಿದ್ದಾಗ ದಿನಕ್ಕೆ 12 ಯೂನಿಟ್ ಕೊಡುವ ಪ್ಯಾನಲ್, ಜುಲೈನ ಜಡಿಮಳೆಯಲ್ಲಿ ಅದರ ಕಾಲು ಭಾಗ ಕೊಟ್ಟರೆ ಪುಣ್ಯ. ಅದರ ಮೇಲೆ ಸಿಲ್ವರ್ ಓಕ್ ನೆರಳು ಒಂದು ಮೂಲೆಗೆ ಬಿದ್ದರೂ ಸಾಕು, ಇಡೀ ಪ್ಯಾನಲ್ಲಿನ ಕರೆಂಟ್ ಇಳಿಯುತ್ತದೆ. (ಬ್ಯಾಟರಿ ಬೇಡ, ಲೈನಿಗೇ ಸೇರಿಸಿ ಅಂತ ಇನ್ಯಾರಾದರೂ ಹೇಳಿದರೆ ಅದು ನಿಮಗೆ ಬೇಡವೇ ಬೇಡ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ, ಕರೆಂಟ್ ಹೋದ ಕೂಡಲೇ ಅದೂ ನಿಂತುಹೋಗುತ್ತದೆ.)

ಹಳ್ಳ ಮಾತ್ರ ಮಳೆಗಾಲದಲ್ಲೇ ತುಂಬಿ ಹರಿಯುತ್ತದೆ. ಆ ನೀರನ್ನು ಎತ್ತರದಿಂದ ಪೈಪಿನಲ್ಲಿ ಇಳಿಸಿ, ಅದರ ರಭಸಕ್ಕೆ ತಿರುಗುವ ಸಣ್ಣ ಟರ್ಬೈನಿನಿಂದ ಕರೆಂಟ್ ಮಾಡಬಹುದು. ಅದರ ಲೆಕ್ಕ ಕಷ್ಟವಲ್ಲ. ನೀರನ್ನು ಒಂದು ಪೈಪಿಗೆ ತಿರುಗಿಸಿ, ಕೆಳಗೆ ಬಕೆಟ್ ಹಿಡಿಯಿರಿ. 20 ಲೀಟರ್ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್ ಆಯಿತು. ಆಮೇಲೆ ನೀರು ತಿರುಗಿಸುವ ಜಾಗಕ್ಕೂ ಟರ್ಬೈನ್ ಕೂರಿಸುವ ಜಾಗಕ್ಕೂ ಎತ್ತರದಲ್ಲಿ ಎಷ್ಟು ಮೀಟರ್ ವ್ಯತ್ಯಾಸ ಅಂತ, ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಅಳೆಯಿರಿ. ಲೀಟರ್, ಮೀಟರ್ ಎರಡನ್ನೂ ಗುಣಿಸಿ, ಮತ್ತೆ 5ರಿಂದ ಗುಣಿಸಿದರೆ ಸುಮಾರು ಎಷ್ಟು ವ್ಯಾಟ್ ಸಿಗುತ್ತದೆ ಅಂತ ಗೊತ್ತಾಗುತ್ತದೆ. 20 ಮೀಟರ್ ಇದ್ದರೆ 500 ವ್ಯಾಟ್. ಇಷ್ಟೇನಾ ಅನ್ನಬೇಡಿ. ಇದು ರಾತ್ರಿ ಹಗಲು ಬರುತ್ತದೆ, ದಿನಕ್ಕೆ 12 ಯೂನಿಟ್, ಅಂದರೆ ಆ 3 ಕಿಲೋವ್ಯಾಟ್ ಸೋಲಾರ್ ಒಳ್ಳೆ ಬಿಸಿಲಲ್ಲಿ ಕೊಡುವಷ್ಟೇ. ನೀವು ಬಳಸದೆ ಉಳಿದ ಕರೆಂಟನ್ನು ಎಲ್ಲಾದರೂ ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಟರ್ಬೈನ್ ಹದ ತಪ್ಪಿ ಜೋರಾಗಿ ತಿರುಗುತ್ತದೆ. ಅದಕ್ಕೆ ಕಂಟ್ರೋಲರ್ ಇಟ್ಟು, ಉಳಿದದ್ದನ್ನು ಬಚ್ಚಲಮನೆ ನೀರು ಕಾಯಿಸುವ ಹೀಟರಿಗೆ ಬಿಡಿ. ಪೈಪಿನಲ್ಲಿ ಮಾತ್ರ ಜಿಪುಣತನ ಬೇಡ. ಇಷ್ಟು ನೀರಿಗೆ 4 ಇಂಚಿನದು ಬೇಕು, 2 ಇಂಚಿನದು ಹಾಕಿದರೆ ಒತ್ತಡವೆಲ್ಲ ಪೈಪಿನೊಳಗೇ ಸವೆದು ಹೋಗುತ್ತದೆ. ಬಾಯಿಗೆ ಜಾಲರಿ ಹಾಕಿ, ಎಲೆ ಕಸ ದಿನಾ ತೆಗೆಯಬೇಕು. ಕೆಳಗಿನ ತೋಟದವರಿಗೂ ಮೊದಲೇ ಹೇಳಿಬಿಡಿ. ನೀರು ವಾಪಸ್ ಹಳ್ಳಕ್ಕೇ ಬರುತ್ತದಾದರೂ ಸುಮ್ನೆ ಯಾಕೆ ಜಗಳ.

ಬೇಸಿಗೆ ಹೊತ್ತಿಗೆ ಹಳ್ಳ ಸಣ್ಣದಾಗುತ್ತದೆ. ಆಗ ಬಿಸಿಲಿರುತ್ತದೆ. ಆ ತಿಂಗಳುಗಳಿಗೆ ಒಂದೇ ಒಂದು 330 ವ್ಯಾಟ್ ಪ್ಯಾನಲ್, ಒಂದು 150 ಎಎಚ್ ಬ್ಯಾಟರಿ ಸಾಕು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬ್ ಐದು ಗಂಟೆ ಉರಿದರೂ ಕಾಲು ಯೂನಿಟ್ ಆಗುವುದಿಲ್ಲ. ಮಿಕ್ಸಿಗೆ, ಫ್ರಿಜ್ಜಿಗೆ ಇದು ಸಾಲದು, ಅವು ಲೈನ್ ಕರೆಂಟಿನಲ್ಲೇ ಇರಲಿ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ, 13 ಡಿಗ್ರಿ ಆಸುಪಾಸು ಓರೆ ಇರಲಿ.

ಗೋಬರ್ ಗ್ಯಾಸ್ ಬಗ್ಗೆ ನನಗೆ ಅನುಮಾನವೇ. 2 ಘನ ಮೀಟರ್ ಪ್ಲಾಂಟ್‌ಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ನಿಮ್ಮ ದನ ಮಲೆನಾಡು ಗಿಡ್ಡದಂಥ ಸಣ್ಣ ತಳಿಯದಾದರೆ, ಹಗಲೆಲ್ಲ ಹೊರಗೆ ಮೇಯುವುದಾದರೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಒಂದು ವಾರ ತೂಕ ಹಾಕಿ ನೋಡಿ ಆಮೇಲೆ ಗುಂಡಿ ತೋಡಿ. ಸಾಲದೇ ಹೋದರೆ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಒಲೆ ಅದು. ಸೌದೆ ಕಡಿಮೆ ಸಾಕು, ಹೊಗೆ ಚಿಮಣಿಯಲ್ಲಿ ಹೋಗುತ್ತದೆ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿದಾಗ ಬಿದ್ದ ಕೊಂಬೆಗಳನ್ನು ಸೀಳಿ, ಒಂದು ಬೇಸಿಗೆ ಪೂರ್ತಿ ಒಣಗಿಸಿಟ್ಟರೆ ಮುಂದಿನ ಮಳೆಗಾಲಕ್ಕೆ ಸೌದೆಯ ಚಿಂತೆಯಿಲ್ಲ.

ಬಕೆಟ್ ಅಳತೆಯನ್ನು ಆಗಸ್ಟ್, ನವೆಂಬರ್ ಎರಡರಲ್ಲೂ ಮಾಡಿ. ಟರ್ಬೈನ್ ಆರ್ಡರ್ ಕೊಡುವಾಗ ನವೆಂಬರ್ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ದೊಡ್ಡ ಮೆಷಿನ್ ತಂದು ಅರ್ಧ ವರ್ಷ ಸುಮ್ನೆ ಇಡಬೇಕಾಗುತ್ತದೆ.