ಪ್ರಶ್ನೋತ್ತರ: ಡ್ರೈವರ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪ್ರಶ್ನೆ: ಸೆನ್ಸರ್ ಒಂದಕ್ಕೆ ಲಿನಕ್ಸ್ ಕ್ಯಾರೆಕ್ಟರ್ ಡ್ರೈವರ್ (ಬೈಟ್‌ಗಳನ್ನು ಸಾಲಾಗಿ ಕೊಡುವ ಸಾಧನವನ್ನು ನಡೆಸುವ ಕೋಡ್) ಬರೆದಿದ್ದೇನೆ. ಇಂಟರಪ್ಟ್ (ಸಾಧನ ಗಮನ ಬೇಡುವ ಸಂಕೇತ) ಬಂದಾಗ ಓಡುವ ಹ್ಯಾಂಡ್ಲರ್ ಬಫರ್‌ಗೆ ಬೈಟ್ ತುಂಬುತ್ತದೆ, ರೀಡ್ ಫಂಕ್ಷನ್ ಅಲ್ಲಿಂದ ತೆಗೆಯುತ್ತದೆ. ಎರಡೂ ಕಡೆ ಸ್ಪಿನ್_ಲಾಕ್ (ಸಿಗುವವರೆಗೆ ನಿದ್ದೆ ಹೋಗದೆ ಸುತ್ತುತ್ತ ಕಾಯುವ ಲಾಕ್) ಇದೆ. ಒಂದೇ ಕೋರ್‌ನ ಹಳೆಯ ಬೋರ್ಡಿನಲ್ಲಿ ತಿಂಗಳುಗಟ್ಟಲೆ ಓಡಿತು. 4 ಕೋರ್‌ನ ಬೋರ್ಡಿನಲ್ಲಿ ಗಂಟೆ, ಎರಡು ಗಂಟೆಗೊಮ್ಮೆ ಇಡೀ ಯಂತ್ರ ನಿಂತುಬಿಡುತ್ತದೆ. ಏಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ರೀಡ್ ಲಾಕ್ ಹಿಡಿದಿರುವಾಗಲೇ ಅದೇ ಕೋರ್‌ಗೆ ಇಂಟರಪ್ಟ್ ಬರುತ್ತಿದೆ. ಹ್ಯಾಂಡ್ಲರ್ ಅದೇ ಲಾಕ್‌ಗಾಗಿ ಸುತ್ತತೊಡಗುತ್ತದೆ. ಹ್ಯಾಂಡ್ಲರ್ ಮುಗಿಯದೆ ರೀಡ್ ಮುಂದುವರಿಯದು, ರೀಡ್ ಲಾಕ್ ಬಿಡದೆ ಹ್ಯಾಂಡ್ಲರ್ ಮುಗಿಯದು. ಹಳೆಯ ಬೋರ್ಡಿನಲ್ಲಿ ಓಡಿತೆಂದ ಮಾತ್ರಕ್ಕೆ ಕೋಡ್ ಸರಿಯಿತ್ತು ಎಂದುಕೊಳ್ಳಬೇಡಿ. ಒಂದೇ ಕೋರ್‌ಗೆಂದು ಕಟ್ಟಿದ ಕರ್ನಲ್‌ನಲ್ಲಿ ಸ್ಪಿನ್_ಲಾಕ್ ಸುತ್ತುವುದೇ ಇಲ್ಲ, ಹೆಚ್ಚೆಂದರೆ ಪ್ರಿಯೆಂಪ್ಷನ್ (ಓಡುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸಿ ಬೇರೆಯದನ್ನು ಓಡಿಸುವುದು) ತಡೆಯುತ್ತದೆ. ಅಲ್ಲಿ ಯಂತ್ರ ನಿಲ್ಲುವ ಬದಲು ಬಫರ್‌ನ ಎಣಿಕೆ ತಪ್ಪಿ ಆಗೊಂದು ಈಗೊಂದು ಬೈಟ್ ಕಳೆದುಹೋಗಿರಬಹುದು.

ರೀಡ್ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಬಳಸಿ. ಲಾಕ್ ಹಿಡಿದಿರುವಷ್ಟು ಹೊತ್ತು ಅದು ಆ ಕೋರ್‌ನ ಇಂಟರಪ್ಟ್ ತಡೆಯುತ್ತದೆ. ಹ್ಯಾಂಡ್ಲರ್ ಒಳಗೆ ಬರೀ ಸ್ಪಿನ್_ಲಾಕ್ ಸಾಕು. ಓದಿದ್ದನ್ನು ಯೂಸರ್ ಪ್ರೋಗ್ರಾಮಿಗೆ ಕೊಡುವ ಕಾಪಿ_ಟು_ಯೂಸರ್ ಲಾಕ್‌ನ ಒಳಗೇ ಇದೆಯೇ ಎಂದೂ ನೋಡಿ. ಯೂಸರ್ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗಿ ಅದು ನಿದ್ದೆಗೆ ಹೋಗಬಹುದು, ಸ್ಪಿನ್‌ಲಾಕ್ ಹಿಡಿದು ನಿದ್ದೆ ಮಾಡುವಂತಿಲ್ಲ. ಸ್ಟ್ಯಾಕ್‌ನಲ್ಲಿ 64 ಬೈಟ್‌ನ ಅರೇ ಇಟ್ಟುಕೊಳ್ಳಿ. ಲಾಕ್ ಹಿಡಿದು ಬೈಟ್‌ಗಳನ್ನು ಅದಕ್ಕೆ ತುಂಬಿಕೊಂಡು, ಲಾಕ್ ಬಿಟ್ಟು, ಆಮೇಲೆ ಕಾಪಿ ಮಾಡಿ. ಇಬ್ಬರು ಏಕಕಾಲಕ್ಕೆ ಓದಿದರೆ ತುಣುಕುಗಳು ಕಲಸಿಹೋಗುತ್ತವೆ. ಅದಕ್ಕೆಂದೇ ಹೊರಗೊಂದು ಮ್ಯೂಟೆಕ್ಸ್ (ಕಾಯುವವರು ನಿದ್ದೆ ಹೋಗಬಹುದಾದ ಲಾಕ್) ಇರಲಿ. ಕ್ರಮ ಎಂದಿಗೂ ಒಂದೇ: ಮೊದಲು ಮ್ಯೂಟೆಕ್ಸ್, ಅದರೊಳಗೆ ಸ್ಪಿನ್‌ಲಾಕ್. ಡೇಟಾ ಬರಲೆಂದು ಕಾಯುವಾಗ ಮ್ಯೂಟೆಕ್ಸ್ ಬಿಟ್ಟಿರಿ. ಎಚ್ಚರವಾದ ಮೇಲೆ ಅದನ್ನು ಮತ್ತೆ ಹಿಡಿದು, ಬಫರ್ ಖಾಲಿಯೇ ಎಂದು ಇನ್ನೊಮ್ಮೆ ನೋಡಿ. ನಡುವೆ ಇನ್ನೊಬ್ಬರು ತೆಗೆದುಕೊಂಡು ಹೋಗಿರಬಹುದು.

ಇನ್ನು ಊಹಿಸುತ್ತ ಕೂರಬೇಡಿ. ಕಾನ್ಫಿಗ್_ಪ್ರೂವ್_ಲಾಕಿಂಗ್, ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್ ಎರಡನ್ನೂ ಹಾಕಿ ಪರೀಕ್ಷೆಗೆ ಬೇರೆ ಕರ್ನಲ್ ಕಟ್ಟಿ. ಮೊದಲನೆಯದು ಲಾಕ್‌ಡೆಪ್ ಎಂಬ ಲಾಕ್ ಪರೀಕ್ಷಕವನ್ನು ಚಾಲೂ ಮಾಡುತ್ತದೆ, ಎರಡನೆಯದು ನಿದ್ದೆ ಮಾಡಬಾರದ ಕಡೆ ನಿದ್ದೆಗೆ ಹೋಗುವುದನ್ನು ಹಿಡಿಯುತ್ತದೆ. ಲಾಕ್‌ಡೆಪ್‌ನ ದೊಡ್ಡ ಉಪಕಾರವೆಂದರೆ ಯಂತ್ರ ನಿಲ್ಲುವವರೆಗೆ ಕಾಯಬೇಕಿಲ್ಲ. ರೀಡ್ ಒಮ್ಮೆ, ಹ್ಯಾಂಡ್ಲರ್ ಒಮ್ಮೆ, ಬೇರೆ ಬೇರೆ ಹೊತ್ತಿನಲ್ಲಿ ಓಡಿದ್ದರೂ ಸಾಕು, ಕರ್ನಲ್ ಲಾಗ್‌ನಲ್ಲಿ ‘ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್’ ಎಂದು ಬೀಳುತ್ತದೆ. ಆದರೆ ಮೊದಲ ವರದಿ ಕೊಟ್ಟೊಡನೆ ಲಾಕ್‌ಡೆಪ್ ನಿಂತುಹೋಗುತ್ತದೆ. ಬೇರೆ ಡ್ರೈವರ್‌ನ ವರದಿ ಮೊದಲೇ ಬಂದಿದ್ದರೆ ನಿಮ್ಮದು ಬರುವುದೇ ಇಲ್ಲ. ಹಾಗಾಗಿ ಲಾಗನ್ನು ಬೂಟ್‌ನಿಂದಲೇ ಓದಿ. ಒಂದನ್ನು ಸರಿಪಡಿಸಿ, ರೀಬೂಟ್ ಮಾಡಿ, ಮತ್ತೆ ನೋಡಿ.

ಪ್ರಶ್ನೆ: ಡ್ರೈವರ್ ಮಾಡ್ಯೂಲ್ ತೆಗೆಯುವಾಗ ಒಮ್ಮೊಮ್ಮೆ ಊಪ್ಸ್ (ಕರ್ನಲ್ ದೋಷದ ವರದಿ) ಬರುತ್ತದೆ. ಇಂಟರಪ್ಟನ್ನು ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಮೂಲಕ ಪಡೆದಿದ್ದೇನೆ. ರಿಮೂವ್‌ನಲ್ಲಿ ಕ್ಯಾನ್ಸಲ್_ವರ್ಕ್_ಸಿಂಕ್ ಕರೆದು (ಸಾಲಿನಲ್ಲಿಟ್ಟ ಕೆಲಸ, ಅಂದರೆ ವರ್ಕ್, ರದ್ದು ಮಾಡಿ), ಆಮೇಲೆ ಕೆಫ್ರೀ ಮಾಡುತ್ತೇನೆ (ಮೆಮೊರಿ ಬಿಡುತ್ತೇನೆ).
– ಓದುಗರು, ಮಂಗಳೂರು

ಉತ್ತರ: ಡೆವ್‌ಎಂ ಮೂಲಕ ಪಡೆದದ್ದು ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ. ಅಲ್ಲಿಯವರೆಗೆ ಇಂಟರಪ್ಟ್ ಬರಬಹುದು. ಬಂದರೆ ಹ್ಯಾಂಡ್ಲರ್ ನೀವು ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟುತ್ತದೆ, ಇಲ್ಲವೇ ರದ್ದಾದ ವರ್ಕನ್ನು ಮತ್ತೆ ಸಾಲಿಗೆ ಹಚ್ಚುತ್ತದೆ. ಮೊದಲು ಸಾಧನದ ಮಾಸ್ಕ್ ರಿಜಿಸ್ಟರ್‌ಗೆ ಬರೆದು ಇಂಟರಪ್ಟ್ ಮೂಲದಲ್ಲೇ ನಿಲ್ಲಿಸಿ. ಆಮೇಲೆ ಡೆವ್‌ಎಂ_ಫ್ರೀ_ಐಆರ್‌ಕ್ಯೂ ಕರೆಯಿರಿ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಅದು ಕಾಯುತ್ತದೆ. ಅನಂತರ ಕ್ಯಾನ್ಸಲ್_ವರ್ಕ್_ಸಿಂಕ್, ಕೊನೆಗೆ ಕೆಫ್ರೀ. ವರ್ಕ್ ಹಿಡಿಯುವ ಮ್ಯೂಟೆಕ್ಸನ್ನು ನೀವು ಹಿಡಿದುಕೊಂಡು ಕ್ಯಾನ್ಸಲ್_ವರ್ಕ್_ಸಿಂಕ್ ಕರೆಯಬೇಡಿ: ನೀವು ವರ್ಕ್‌ಗೆ ಕಾಯುತ್ತೀರಿ, ವರ್ಕ್ ನಿಮ್ಮ ಮ್ಯೂಟೆಕ್ಸ್‌ಗೆ ಕಾಯುತ್ತದೆ.

ಪ್ರಶ್ನೆ: ಎಣಿಕೆಗೆ ವೊಲಾಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳುವ ಪದ) ಎಂದು ಬರೆದರೂ ಲಾಕ್ ಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಕೇ ಬೇಕು. ಒಂದು ಕೂಡಿಸುವುದೆಂದರೆ ಓದುವುದು, ಕೂಡುವುದು, ಬರೆಯುವುದು. ಎರಡು ಕೋರ್‌ಗಳೂ 5 ಓದಿ, ಎರಡೂ 6 ಬರೆದರೆ ಒಂದು ಎಣಿಕೆ ಹೋಯಿತು; ವೊಲಾಟೈಲ್ ಇದನ್ನು ತಡೆಯುವುದಿಲ್ಲ. ಬರೀ ಎಣಿಕೆಯಾದರೆ ಅಟಾಮಿಕ್_ಟಿ (ನಡುವೆ ಒಡೆಯದಂತೆ ಕೂಡಿಸಬಲ್ಲ ಎಣಿಕೆಯ ಬಗೆ) ಸಾಕು. ಆ ಎಣಿಕೆ ಬಫರ್‌ನ ಹೆಡ್, ಟೇಲ್ (ತುಂಬುವ, ತೆಗೆಯುವ ಜಾಗದ ಗುರುತುಗಳು) ಜೊತೆ ಹೊಂದಿಕೊಂಡೇ ಇರಬೇಕಾದರೆ ಮೂರನ್ನೂ ಒಂದೇ ಸ್ಪಿನ್‌ಲಾಕ್ ಅಡಿ ಬದಲಿಸಿ.